ಮಧ್ಯಯುಗದ ಇಡ್ಲಿಗೆ ಸಾಕ್ಷಿ ಯಾರು?

ಅಮೆರಿಕಕ್ಕೆ ಬಂದ ಹೊಸತರಲ್ಲಿ ಒಂದು ಭಾನುವಾರ ಪಾರ್ಕಿಗೆ ಹೋಗಿದ್ದೆ. ಅಲ್ಲಿ ಇಬ್ಬರು ಉಕ್ಕಿನ ಶಿರಸ್ತ್ರಾಣ ಹಾಕಿಕೊಂಡು ಬೆತ್ತದ ಕತ್ತಿಗಳಲ್ಲಿ ಧಬಧಬ ಬಡಿದಾಡುತ್ತಿದ್ದರು. ಯಾವುದೋ ಸಿನಿಮಾ ಶೂಟಿಂಗ್ ಇರಬೇಕು ಅಂದುಕೊಂಡೆ. ಆದರೆ ನಾನು ನಿಂತಿದ್ದು ಆ ಕಾಳಗ ನೋಡಿ ಅಲ್ಲ. ಪಕ್ಕದ ಮರದ ಕೆಳಗೆ ಉದ್ದನೆಯ ನಿಲುವಂಗಿ ತೊಟ್ಟ ಅಜ್ಜಿಯೊಬ್ಬರು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದರು. ತಕಲಿ! ಪ್ರೈಮರಿ ಶಾಲೆಯಲ್ಲಿ ಹತ್ತಿ ಹಿಡಿದು ಎಳೆ ಹರಿದುಕೊಂಡು ಮೇಷ್ಟ್ರ ಕೈಲಿ ಬೈಸಿಕೊಂಡಿದ್ದೆಲ್ಲ ನೆನಪಾಯಿತು. "ನನಗೂ ಬರುತ್ತೆ" ಅಂದುಬಿಟ್ಟೆ. ಬರಲಿಲ್ಲ ಅನ್ನೋದು ಬೇರೆ ಮಾತು :-)

ಹೀಗೆ ನನಗೆ ಪರಿಚಯವಾಗಿದ್ದು 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ'. ಎಲ್ಲರೂ ಎಸ್‌ಸಿಎ ಅನ್ನುತ್ತಾರೆ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಮುಂದೆ ಕಾದಂಬರಿಗಾರ್ತಿಯಾಗಿ ಹೆಸರು ಮಾಡಿದ ಡಯಾನಾ ಪ್ಯಾಕ್ಸನ್ ಅವರ ಮನೆಯ ಹಿತ್ತಿಲಲ್ಲಿ ಒಂದು ಪಾರ್ಟಿ ನಡೆಯಿತು. ಬಂದವರೆಲ್ಲ ಹಳೇ ಕಾಲದ ವೇಷ ಹಾಕಿ ಕತ್ತಿವರಸೆ ಆಡಿದರು, ಕೊನೆಗೆ ಟೆಲಿಗ್ರಾಫ್ ಅವೆನ್ಯೂವಿನಲ್ಲಿ ಹಾಡುತ್ತಾ ಮೆರವಣಿಗೆ ಹೋದರು. ಆಮೇಲೆ ಪಾರ್ಕು ಬುಕ್ ಮಾಡಲು ಅರ್ಜಿಯಲ್ಲಿ ಸಂಘದ ಹೆಸರು ಬರೆಯಬೇಕಾಗಿ ಬಂದಾಗ ಲೇಖಕಿ ಮರಿಯನ್ ಝಿಮ್ಮರ್ ಬ್ರಾಡ್ಲಿ ಕೊಟ್ಟ ಹೆಸರು ಇದು. ಒಂದು ಸಂಜೆಯ ತಮಾಷೆ ಈಗ 20 'ರಾಜ್ಯ'ಗಳಾಗಿ ಬೆಳೆದಿದೆ. 1600ರವರೆಗಿನ ಕಾಲ ಇವರ ಆಟದ ಅಂಗಳ. ರಾಜ ಯಾರು ಅನ್ನೋದು ಕಾಳಗದಲ್ಲಿ ತೀರ್ಮಾನ ಆಗುತ್ತದೆ. ಓಟಿನ ಗಲಾಟೆ ಇಲ್ಲ.

ಕತ್ತಿಯಿಂದ ಶುರುವಾದ ಇಂಥ ಗುಂಪಿನಲ್ಲಿ ನೂಲುವವರು, ನೇಯುವವರು, ಅಡುಗೆ ಮಾಡುವವರಿಗೆ ಏನು ಜಾಗ? ಇದನ್ನು ಅವರು ಬೇಗನೆ ಯೋಚಿಸಿದ್ದರು. ಹೋರಾಟಗಾರರಿಗೆ ನೈಟ್ ಪದವಿ ಇದ್ದ ಹಾಗೆ ಕಲೆ-ವಿಜ್ಞಾನಕ್ಕೆ 'ಲಾರೆಲ್' ಅನ್ನುವ ಸಮಾನ ಗೌರವ ಹುಟ್ಟಿತು. ಜೊತೆಗೆ ಅನೇಕ ಊರಿನ ಗುಂಪುಗಳಿಗೆ ಒಬ್ಬೊಬ್ಬ 'ಮಿನಿಸ್ಟರ್ ಆಫ್ ಆರ್ಟ್ಸ್ ಅಂಡ್ ಸೈನ್ಸಸ್'. ಸ್ಪಿಂಡಲ್ ಅಜ್ಜಿ ಸುಸ್ತಾದ ಮೇಲೆ ನಮ್ಮ ಊರಲ್ಲಿ ಆ ಮಂತ್ರಿಗಿರಿ ನನ್ನ ತಲೆಗೆ ಬಂತು. ಮಂತ್ರಿ ಅಂದಾಕ್ಷಣ ಕೆಂಪು ದೀಪದ ಕಾರು ಅಂದುಕೊಳ್ಳಬೇಡಿ. ತಿಂಗಳಿಗೊಮ್ಮೆ ಯಾರದ್ದಾದರೂ ಗ್ಯಾರೇಜು ಹುಡುಕುವುದು, ಶಾಯಿ ಮಾಡಲು ಬರುವವರನ್ನು ಕಾಡಿ ಬೇಡಿ ಕ್ಲಾಸು ತೆಗೆದುಕೊಳ್ಳುವಂತೆ ಮಾಡುವುದು, ಬಣ್ಣ ಹಾಕುವ ದಿನ ಪಾತ್ರೆ ತೊಳೆಯುವುದು, ಮೂರು ತಿಂಗಳಿಗೊಮ್ಮೆ ಮೇಲಿನವರಿಗೆ ವರದಿ ಬರೆಯುವುದು.. ಇಷ್ಟೇ ವೈಭವ.

ಆದರೆ ಕೆಲಸದ ರುಚಿ ಹತ್ತಿದ್ದು ಅಲ್ಲೇ. ಓಕ್ ಮರದ ಗಂಟುಕಾಯಿ, ಕಬ್ಬಿಣದ ಅನ್ನಭೇದಿ, ಗೋಂದು ಸೇರಿಸಿ ಶಾಯಿ ಮಾಡಿದೆವು. ಬರೆದಾಗ ಪೇಲವ ಬೂದು, ಗಾಳಿಗೆ ಆರುತ್ತಾ ಕಡುಗಪ್ಪು! ಮಂಜಿಷ್ಠದ ಬೇರಿನಲ್ಲಿ ಉಣ್ಣೆ ಅದ್ದುವ ಮೊದಲು ಪಟಿಕದ ನೀರಿನಲ್ಲಿ ಕುದಿಸದಿದ್ದರೆ ಕೆಂಪು ನಿಲ್ಲುವುದಿಲ್ಲ ಅಂತ ಒಂದು ಇಡೀ ಶನಿವಾರ ಹಾಳು ಮಾಡಿಕೊಂಡು ಕಲಿತೆವು. ಇಂಗ್ಲೆಂಡಿನ ಎರಡನೇ ರಿಚರ್ಡ್ ರಾಜನ ಅಡುಗೆಯವರು 1390ರ ಸುಮಾರಿಗೆ ಬರೆದ 'ಫೋರ್ಮ್ ಆಫ್ ಕ್ಯೂರಿ'ಯಲ್ಲಿ ಅಳತೆಯೇ ಹೆಚ್ಚು ಕಡಿಮೆ ಇಲ್ಲ. ಶುಂಠಿ ಹಾಕು, ಕೇಸರಿ ಹಾಕು ಅಂತಾರೆ. ಎಷ್ಟು? ನಮ್ಮಮ್ಮನ 'ಒಂದಿಷ್ಟು ಹಾಕು' ಅನ್ನೋ ಥರವೇ. ಮಾಡಿ, ಕೆಡಿಸಿ, ತಿಂದು ನೋಡಿಯೇ ಉತ್ತರ ಕಂಡುಕೊಳ್ಳಬೇಕು.

ಇಷ್ಟಕ್ಕೂ ಆಧಾರ ಬೇಕು. ಸ್ಪರ್ಧೆಗೆ ಏನೇ ಇಟ್ಟರೂ ಜೊತೆಗೆ ಒಂದು ಟಿಪ್ಪಣಿ ಇಡಬೇಕು. ಇದು ಯಾವ ಕಾಲದ್ದು, ಎಲ್ಲಿಯದು, ನಿನಗೆ ಹೇಗೆ ಗೊತ್ತು, ಸಿಗದ ವಸ್ತುವಿಗೆ ಬದಲಾಗಿ ಏನು ಬಳಸಿದೆ, ಯಾಕೆ? 'ಡಾಕ್ಯುಮೆಂಟೇಶನ್' ಅಂತಾರೆ. ಆಧಾರ, ಕೈಚಳಕ, ಕಷ್ಟದ ಮಟ್ಟ ಎಲ್ಲಕ್ಕೂ ಅಂಕ. ಇದು ಇಲ್ಲದಿದ್ದರೆ ಇಡೀ ಗುಂಪು ಫ್ಯಾನ್ಸಿ ಡ್ರೆಸ್ ಆಗಿಬಿಡುತ್ತದೆ, ನಾನು ಈಗಲೂ ಒಪ್ಪುತ್ತೇನೆ.

ಆದರೂ.. ಒಬ್ಬ ಹುಡುಗ ಬಂದಿದ್ದ. ಅಂಗಡಿಯಲ್ಲಿ ರಾತ್ರಿ ಪಾಳಿ ಕೆಲಸ. ಮೂರು ತಿಂಗಳು ಕೂತು ಒಂದು ನಿಲುವಂಗಿಯನ್ನು ಪೂರ್ತಿ ಕೈಯಲ್ಲೇ ಹೊಲಿದಿದ್ದ. ಸ್ಪರ್ಧೆಗೆ ಇಡು ಅಂತ ಬಲವಂತ ಮಾಡಿದವಳು ನಾನೇ. ಟಿಪ್ಪಣಿ ಅಂದರೆ ಏನು, ಹೇಗೆ ಬರೆಯಬೇಕು ಅಂತ ಮಾತ್ರ ಹೇಳಿಕೊಡಲಿಲ್ಲ. ಅವನ ಕಟಿಂಗು ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್‌ನೆಸ್ ಚರ್ಚಿನಂಗಳದ ಬಟ್ಟೆಗಳ ಥರವೇ ಇತ್ತು. 1921ರಲ್ಲಿ ಡೆನ್ಮಾರ್ಕಿನ ಪೌಲ್ ನರ್ಲುಂಡ್ ಹೆಪ್ಪುಗಟ್ಟಿದ ನೆಲದಿಂದ ಅಗೆದು ತೆಗೆದ ಬಟ್ಟೆಗಳು ಅವು. ಅವನಿಗೆ ಆ ಹೆಸರೇ ಗೊತ್ತಿರಲಿಲ್ಲ, ಯಾವುದೋ ಚಿತ್ರ ನೋಡಿ ಹೊಲಿದಿದ್ದ. ನನಗೆ ಗೊತ್ತಿತ್ತು! ಪಕ್ಕದಲ್ಲಿ ಕೂತು ಒಂದು ಪುಟ ಬರೆಸಲು ಅರ್ಧ ಗಂಟೆ ಸಾಕಿತ್ತು. ಹಾಳೆಯ ಮೇಲೆ ತೀರ್ಪುಗಾರರು ಬರೆದಿದ್ದು 'ಆಧಾರ ಎಲ್ಲಿ?' ಅಂತ, ಪಕ್ಕದಲ್ಲಿ ಒಂದು ಸೊನ್ನೆ. ಅವನು ಅಂಗಿಯನ್ನು ನೀಟಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದ. ಎರಡು ಸಲ ಮೇಲ್ ಮಾಡಿದೆ. ಉತ್ತರ ಬರಲಿಲ್ಲ.

ಆ ವರ್ಷದ ವರದಿಯಲ್ಲಿ ನಾನು 'ಸ್ಪರ್ಧೆ ಯಶಸ್ವಿ' ಅಂತಲೇ ಬರೆದೆ. ಅದಕ್ಕೂ ಒಂದು ಕಾಲಂ ಇತ್ತು. ಹೋದವರಿಗೆ ಕಾಲಂ ಇರಲಿಲ್ಲ.

ಮುಂದಿನ ಸಲ ಅಂಕಗಳನ್ನೇ ತೆಗೆದೆ. ಬರೀ ಪ್ರದರ್ಶನ. ಬಂದವರ ಕೈಗೆ ಒಂದಿಷ್ಟು ಗಾಜಿನ ಮಣಿ, ಇಷ್ಟವಾದ ವಸ್ತುವಿನ ಮುಂದಿನ ಬಟ್ಟಲಿಗೆ ಹಾಕುವುದು. ಬೇರೆ ಕಡೆ ಇದು ಹಳೇ ಪದ್ಧತಿ, ನನ್ನ ಸಂಶೋಧನೆಯೇನಲ್ಲ. ಟಿಪ್ಪಣಿ ಮಾತ್ರ ಬಿಡಲಿಲ್ಲ, ಹಿಂದಿನ ವಾರವೇ ಎಲ್ಲರೂ ಗ್ಯಾರೇಜಿನಲ್ಲಿ ಕೂತು ಒಟ್ಟಿಗೆ ಬರೆದೆವು. ಹಳಬರು ಕೆಲವರು "ಮಟ್ಟ ಇಳಿಯಿತು" ಅಂತ ಮುಖ ಊದಿಸಿಕೊಂಡರು.

ನಾನೂ ಒಂದು ತಟ್ಟೆ ಇಟ್ಟೆ. ಇಡ್ಲಿ! 'ಇದು ನಮ್ಮಜ್ಜಿಯ ಕಾಲದಿಂದ ಇದೆ' ಅಂತ ಬರೆಯಲು ಹೋಗಿ ನಕ್ಕುಬಿಟ್ಟೆ. ಅಜ್ಜಿ ಇಲ್ಲಿ ಆಧಾರ ಅಲ್ಲ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ' ಹುಡುಕಿದೆ. ಬರೋಡಾದ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾಗಿದೆ. ಅದರ 'ಇಡ್ಡರಿಕಾ' ಬರೀ ಉದ್ದಿನದು, ಅಕ್ಕಿಯ ಸುದ್ದಿಯೇ ಇಲ್ಲ, ಮೆಣಸು ಜೀರಿಗೆ ಇಂಗು ಇದೆ. ಅಂದರೆ ಅಜ್ಜಿಯ ಇಡ್ಲಿ ಸೋಮೇಶ್ವರನ ತಟ್ಟೆಯದ್ದಲ್ಲ! 'ಹೇಗೆ ಗೊತ್ತು?' ಅಂತ ಯಾರೂ ಕೇಳದಿದ್ದರೆ ನಾನು ಜನ್ಮದಲ್ಲಿ ಇದನ್ನು ಹುಡುಕುತ್ತಿರಲಿಲ್ಲ. ಚಟ್ನಿಗೆ ಹಸಿಮೆಣಸಿನಕಾಯಿ ಹಾಕುವಂತಿಲ್ಲ, ಅದು ಪೋರ್ಚುಗೀಸರ ಜೊತೆ ಆಮೇಲೆ ಬಂದಿದ್ದು. ಶುಂಠಿ, ಕಾಳುಮೆಣಸಿನಲ್ಲೇ ಸುಧಾರಿಸಿದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ರಾಜನ ಕಾಲದ್ದು ಇರಲಿ, ಮನೆಯ ಇಡ್ಲಿನೇ ನಿಂಗೆ ಕಲ್ಲಾಗತ್ತಲ್ಲೇ" ಅಂದರು.

ನನ್ನ ಬಟ್ಟಲಿಗೆ ಬಿದ್ದಿದ್ದು ಏಳು ಮಣಿ. ಪಕ್ಕದ ಮೇಜಿನಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ನೂತ ಗಂಟುಗಂಟಿನ ಉಣ್ಣೆಯ ಬಟ್ಟಲು ತುಂಬಿ ಹೊರಗೆ ಚೆಲ್ಲಿತ್ತು. ಸ್ಪಿಂಡಲ್ ಅಜ್ಜಿ ಬಗ್ಗಿ ಮಣಿ ಹೆಕ್ಕುತ್ತಿದ್ದರು.