ನಕ್ಷೆಯ ಹಿಂದಿನ ಪಟ್ಟಿ

ಒಂದು ಜಿಲ್ಲೆಯ ಕೆರೆಗಳ ನಕ್ಷೆ ಪರದೆಯ ಮೇಲಿದೆ ಎನ್ನಿ. ಹತ್ತು ಎಕರೆಗಿಂತ ದೊಡ್ಡ ಕೆರೆಗಳಷ್ಟೇ ಬೇಕು. ಒಂದೊಂದನ್ನೇ ಒತ್ತಿ ನೋಡುತ್ತ ಕೂತರೆ ಸಂಜೆಯಾದರೂ ಮುಗಿಯದು. ಆದರೆ ಪ್ರತಿ ಕೆರೆಯ ಹಿಂದೆ ಪಟ್ಟಿಯ ಒಂದು ಸಾಲಿದೆ: ಹೆಸರು, ಗ್ರಾಮ, ವಿಸ್ತೀರ್ಣ. ‘ವಿಸ್ತೀರ್ಣ > 10’ ಎಂದು ಆ ಪಟ್ಟಿಯನ್ನು ಕೇಳಿದರೆ ಬೇಕಾದ ಕೆರೆಗಳಷ್ಟೇ ಬಣ್ಣ ಬದಲಿಸಿ ಎದ್ದು ಕಾಣುತ್ತವೆ. ಕಳೆದ ಅರವತ್ತು ವರ್ಷಗಳಲ್ಲಿ ಈ ಪ್ರಶ್ನೆ ಬದಲಾಗಿಲ್ಲ. ಬದಲಾಗಿದ್ದು ಅದಕ್ಕೆ ಉತ್ತರ ಹುಡುಕುವ ಜಾಗ.

ಮೊದಲು ಅದು ಸರ್ಕಾರದ ದೊಡ್ಡ ಕಂಪ್ಯೂಟರಿನಲ್ಲಿತ್ತು. 1960ರ ದಶಕದಲ್ಲಿ ಕೆನಡಾ ತನ್ನ ನೆಲ ಯಾವುದಕ್ಕೆ ಯೋಗ್ಯವೆಂದು ಲೆಕ್ಕ ಹಾಕಲು ಹೊರಟಾಗ, ಅಷ್ಟು ನಕ್ಷೆಗಳನ್ನು ಕೈಯಿಂದ ಹೋಲಿಸಿ ಮುಗಿಸುವುದು ಆಗದ ಮಾತಾಗಿತ್ತು. ಭೂಗೋಳಜ್ಞ ರೋಜರ್ ಟಾಮ್ಲಿನ್ಸನ್ ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು. 1982ರಲ್ಲಿ ಎಸ್ರಿ ಸಂಸ್ಥೆ ತಂದ ನಕ್ಷೆ ತಂತ್ರಾಂಶ ಆರ್ಕ್‌ಇನ್ಫೋದ ಹೆಸರಿನಲ್ಲೇ ಎರಡು ಭಾಗಗಳಿವೆ: ‘ಆರ್ಕ್’ ಆಕೃತಿಗೆ, ‘ಇನ್ಫೋ’ ಪಟ್ಟಿಗೆ. ಅದೇ ಸಂಸ್ಥೆಯ ಶೇಪ್‌ಫೈಲ್ ಬಂದದ್ದು 1990ರ ದಶಕದಲ್ಲಿ. ಅದರಲ್ಲೂ ಆಕೃತಿಗೊಂದು ಫೈಲ್, ಪಟ್ಟಿಗೊಂದು ಫೈಲ್. ಪಟ್ಟಿಯ ಕಾಲಂ ಹೆಸರು ಹತ್ತು ಬೈಟ್ ಮೀರುವಂತಿಲ್ಲ. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಹಾಗಾಗಿ ‘ವಿಸ್ತೀರ್ಣ’ ಎಂಬ ಪದಕ್ಕೇ ಅಲ್ಲಿ ಜಾಗವಿಲ್ಲ. ಈ ಫೈಲ್ ಇಂದಿಗೂ ಕಚೇರಿಯಿಂದ ಕಚೇರಿಗೆ ಓಡಾಡುತ್ತಿದೆ.

ವೆಬ್ಬಿಗೆ ಬಂದಾಗ ನಕ್ಷೆ ಬರೀ ಚಿತ್ರವಾಗಿತ್ತು. ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದ 1993ರ ನಕ್ಷೆಯಲ್ಲಿ ಒಮ್ಮೆ ಒತ್ತಿದರೆ ಸರ್ವರ್ ಹೊಸ ಚಿತ್ರ ಕಳಿಸುತ್ತಿತ್ತು, ಅಷ್ಟೆ. ವೆಬ್ಬಿನಲ್ಲಿ ನಕ್ಷೆ ಹಂಚಲು 2000ದಲ್ಲಿ ಬಂದ ಡಬ್ಲ್ಯುಎಂಎಸ್ ಮಾನದಂಡವೂ ಮುಖ್ಯವಾಗಿ ಚಿತ್ರವನ್ನೇ ಕೊಡುವಂಥದ್ದು. 2002ರ ಡಬ್ಲ್ಯುಎಫ್‌ಎಸ್ ಮಾನದಂಡ ಆಕೃತಿಯನ್ನೂ ಅದರ ಪಟ್ಟಿಯ ಸಾಲನ್ನೂ ಒಟ್ಟಿಗೆ ಕೊಟ್ಟಿತು. ಇಡೀ ಕಥೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವ ಹೆಜ್ಜೆ ಇದೇ. 2001ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಜೋಡಣೆಯಾಗಿ ಬಂದ ಪೋಸ್ಟ್‌ಜಿಐಎಸ್‌ನಿಂದಾಗಿ ಆಕೃತಿಯೂ ಪಟ್ಟಿಯೂ ಒಂದೇ ಡೇಟಾಬೇಸಿನಲ್ಲಿ ಕೂತವು.

2005ರ ಗೂಗಲ್ ಮ್ಯಾಪ್ಸ್ ನಕ್ಷೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಸರಾಗವಾಗಿ ಜಾರುವಂತೆ ಮಾಡಿತು. ಆದರೆ ಆ ಚೌಕಗಳೂ ಚಿತ್ರಗಳೇ. ಆಕೃತಿ, ಪಟ್ಟಿ ಎರಡನ್ನೂ ಒಂದೇ ಫೈಲಿನಲ್ಲಿ ಬರೆಯುವ ಜಿಯೋಜೇಸನ್ ಮಾದರಿ (2008), ಬ್ರೌಸರಿನಲ್ಲಿ ನಕ್ಷೆ ತೋರಿಸುವ ಲೀಫ್‌ಲೆಟ್ (2011) ಬಂದ ಮೇಲೆ ಪಟ್ಟಿಯೇ ಬ್ರೌಸರಿಗೆ ಇಳಿಯಿತು, ಆಯ್ಕೆ ಅಲ್ಲೇ ನಡೆಯತೊಡಗಿತು. ಸಾಲುಗಳು ಲಕ್ಷ ದಾಟಿದರೆ ಬ್ರೌಸರ್ ಏದುಸಿರು ಬಿಡುತ್ತದೆ. ಅದಕ್ಕೆ ಪರಿಹಾರವಾಗಿ ಬಂದದ್ದು ವೆಕ್ಟರ್ ಟೈಲ್: ಚಿತ್ರದ ಬದಲು ಆಕೃತಿಯನ್ನೂ ಪಟ್ಟಿಯನ್ನೂ ಹೊತ್ತ ಚೌಕ. ಇದರಲ್ಲಿ ಎರಡು ಅಪಾಯಗಳಿವೆ. ನಕ್ಷೆಯನ್ನು ದೂರದಿಂದ ನೋಡುವಾಗ ಸಣ್ಣ ಕೆರೆಗಳನ್ನು ಟೈಲಿನಿಂದ ಬಿಟ್ಟಿರಬಹುದು. ಎರಡು ಟೈಲುಗಳ ಅಂಚಿನ ಮೇಲಿರುವ ಕೆರೆ ಎರಡು ಸಲ ಲೆಕ್ಕಕ್ಕೆ ಬರಬಹುದು. ಬಣ್ಣ ಹಚ್ಚಲು ವೆಕ್ಟರ್ ಟೈಲ್ ಒಳ್ಳೆಯದು. ಎಣಿಕೆ ಬೇಕಿದ್ದರೆ ಸರ್ವರನ್ನೇ ಕೇಳಬೇಕು.

ಇಷ್ಟೆಲ್ಲ ಬೆಳೆದರೂ ಹಳೆಯ ಎರಡು ತೊಡಕು ಹಾಗೇ ಉಳಿದಿವೆ. ಮೊದಲನೆಯದು ಪಟ್ಟಿಯಲ್ಲಿ ಏನೂ ಬರೆಯದೆ ಬಿಟ್ಟ ಖಾಲಿ ಮನೆ. ಕೊಳವೆಬಾವಿಗಳ ಪಟ್ಟಿಯಲ್ಲಿ ‘ಆಳ 300 ಅಡಿಗಿಂತ ಕಡಿಮೆ’ ಎಂದು ಒಮ್ಮೆ, ‘300 ಅಥವಾ ಹೆಚ್ಚು’ ಎಂದು ಇನ್ನೊಮ್ಮೆ ಕೇಳಿ ಕೂಡಿಸಿ. ಒಟ್ಟು ಬಾವಿಗಳಿಗಿಂತ ಕಡಿಮೆ ಬರಬಹುದು. ಆಳ ಬರೆಯದ ಸಾಲು ಡೇಟಾಬೇಸನ್ನು ಪ್ರಶ್ನಿಸುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಎರಡೂ ಕಡೆ ಸೇರುವುದಿಲ್ಲ. ಯಾರೋ ಅಳೆಯದೆ ಬಿಟ್ಟ ಬಾವಿ ನಕ್ಷೆಯಿಂದಲೇ ಮಾಯ. ಖಾಲಿ ಮನೆಗಳನ್ನು ಬೇರೆಯಾಗಿಯೇ ಕೇಳಬೇಕು. ಜನರೇ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಪ್ರಶ್ನಿಸುವ ಓವರ್‌ಪಾಸ್ ಸೇವೆಯಲ್ಲಿ ‘ಕನ್ನಡ ಹೆಸರು ಇಲ್ಲದ ಕೆರೆಗಳನ್ನು ತೋರಿಸು’ ಎಂದೇ ಕೇಳಬಹುದು. ಕೊರತೆ ಎಲ್ಲೆಲ್ಲಿದೆ ಎಂದು ನಕ್ಷೆಯೇ ತೋರಿಸುತ್ತದೆ.

ಎರಡನೆಯ ತೊಡಕು ನಮ್ಮ ಲಿಪಿಯದ್ದು. ‘ಕೋಲಾರ’ ಎಂಬುದರ ಮೊದಲಕ್ಷರದ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಒಕಾರಕ್ಕೆ ದೀರ್ಘದ ಗುರುತು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಒಬ್ಬರು ಒಂದು ಬಗೆಯಲ್ಲಿ, ಇನ್ನೊಬ್ಬರು ಮತ್ತೊಂದು ಬಗೆಯಲ್ಲಿ ನಮೂದಿಸಿದ್ದರೆ ‘ಜಿಲ್ಲೆ = ಕೋಲಾರ’ ಎಂಬ ಆಯ್ಕೆಗೆ ಜಿಲ್ಲೆಯ ಒಂದು ಪಾಲು ಮಾತ್ರ ಬೆಳಗುತ್ತದೆ. ಪಟ್ಟಿಯನ್ನು ಎಷ್ಟು ದಿಟ್ಟಿಸಿದರೂ ತಪ್ಪು ಕಾಣುವುದಿಲ್ಲ. ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯಿಂದ ಇದಕ್ಕೆ, ಎರಡೂ ಬಗೆಯನ್ನು ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’ ಎಂಬ ಫಂಕ್ಷನ್ ಇದೆ. ನಕ್ಷೆಯನ್ನು ಜನರ ಮುಂದಿಡುವ ಮೊದಲು ಹೆಸರಿನ ಕಾಲಂ ಮೇಲೆ ಅದನ್ನು ಒಮ್ಮೆ ಓಡಿಸಿ, ಹುಡುಕುವ ಪದಕ್ಕೂ ಅದನ್ನೇ ಹಚ್ಚಿದರೆ, ಕತ್ತಲಲ್ಲಿ ಉಳಿದಿದ್ದ ಹಳ್ಳಿಗಳೂ ಕೋಲಾರದೊಳಗೇ ಬೆಳಗುತ್ತವೆ.