ನಾಣ್ಯಸಂಗ್ರಹದಲ್ಲಿ ಗುಣನಿರ್ಣಯ

ಪ್ರಾಚೀನ ನಾಣ್ಯಗಳನ್ನು ಸಂಗ್ರಹಿಸುವವರಲ್ಲಿ ಹಲವರು ಹೊಳಪನ್ನೇ ಗುಣವೆಂದೆಣಿಸುವರು. ಇದು ಸಾಧುವಲ್ಲವೆಂಬುದಕ್ಕೆ ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳೇ ಸಾಕ್ಷಿ. ಇವುಗಳ ಒಂದು ಮುಖದಲ್ಲಿ ಸಿಂಹಲಾಂಛನವೂ, ಇನ್ನೊಂದರಲ್ಲಿ ಕನ್ನಡಲಿಪಿಯ ‘ಶ್ರೀ ತಳಕಾಡುಗೊಂಡ’ ಅಥವಾ ‘ಶ್ರೀ ನೊಣಂಬವಾಡಿಗೊಂಡ’ ಎಂಬ ಬಿರುದೂ ಉಂಟು, ಅರಸನ ಹೆಸರಿಲ್ಲ. ಕ್ರಿ. ಶ. 1116ರ ಸುಮಾರಿನಲ್ಲಿ ಚೋಳರಿಂದ ತಲಕಾಡನ್ನು ಗೆದ್ದವನು ವಿಷ್ಣುವರ್ಧನನೆಂದು ಶಾಸನಗಳಿಂದ ತಿಳಿದಿರುವುದರಿಂದಲೇ ನಾಣ್ಯವು ಅವನದೆಂದು ನಿರ್ಣಯವಾಗುವುದು. ಅಕ್ಷರಗಳು ಸವೆದುಹೋದರೆ ಆ ನಿರ್ಣಯಕ್ಕೆ ಆಧಾರವೇ ಕುಸಿಯುವುದು. ಆದಕಾರಣ ಅಕ್ಷರಸ್ಪಷ್ಟತೆಯೇ ಪ್ರಥಮ ಲಕ್ಷಣ.

ಎರಡನೆಯದು ತೂಕ. ಇವು ಸುಮಾರು 4 ಗ್ರಾಂ ತೂಗುವುವು. ಕಾಸಿನ ಸರಕ್ಕೆಂದು ಕೊಂಡಿಯನ್ನು ಬೆಸೆದ ಅಥವಾ ಅಂಚನ್ನು ಅರೆದ ನಾಣ್ಯವು ಎಷ್ಟೇ ಥಳಥಳಿಸಲಿ, ಆ ಕಾಲದ ಗದ್ಯಾಣದ ಮಾನವನ್ನು ಅದರಿಂದ ಅರಿಯಲಾಗದು.

ಮೂರನೆಯದು ದೊರೆತ ಸ್ಥಳದ ಲಿಖಿತ ವಿವರ. ಅದಿಲ್ಲದಿದ್ದರೆ ನಾಣ್ಯವು ಯಾವ ಸೀಮೆಯಲ್ಲಿ ಚಲಾವಣೆಯಲ್ಲಿತ್ತೆಂದು ಹೇಳಲು ಸಾಧನವಿಲ್ಲ.

ಈ ಮೂರೂ ಉಳ್ಳದ್ದು ಉತ್ತಮ, ಎರಡುಳ್ಳದ್ದು ಮಧ್ಯಮ, ಒಂದೇ ಉಳ್ಳದ್ದು ಅಧಮ. ಆದರೆ ಅಧಮವನ್ನೂ ಮೂಸೆಗೆ ಹಾಕತಕ್ಕದ್ದಲ್ಲ. ಅರ್ಧ ಬಿರುದಾದರೂ ಅದರಲ್ಲಿ ಉಳಿದಿದ್ದೀತು. ಕರಗಿಸಿದ ಮೇಲೆ ಉಳಿಯುವುದು ಚಿನ್ನ ಮಾತ್ರ.