ಗಚ್ಚಿನ ಗೋಡೆಗೆ ಸಿಮೆಂಟಿನ ಅಂಗಿ

ಇವತ್ತಿನ ಮಾತು ಹೈದರಾಬಾದಿನ ಕುತುಬ್‌ಶಾಹಿ ಗೋರಿಗಳ ಬಗ್ಗೆ. ಆದ್ರೆ ಶುರು ಮಾಡೋದು ಕಲಬುರಗಿಯ ನಮ್ಮ ನಾಲ್ಕು ಕೋಣೆಯ ಮನೆಯಿಂದ.

ಅಜ್ಜ ಅದನ್ನ ಕಟ್ಟಿಸಿದ್ದು 1940ರ ದಶಕದಲ್ಲಿ. ಆಗ ನಮ್ಮೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಕಲ್ಲಿನ ಗೋಡೆ, ಸುಣ್ಣದ ಗಚ್ಚು, ನೆಲಕ್ಕೆ ಶಹಾಬಾದ್ ಫರಸಿ. ಹತ್ತು ವರ್ಷದ ಹಿಂದೆ ಗಚ್ಚು ಉದುರ್ತಿದೆ ಅಂತ ಒಬ್ಬ ಗುತ್ತಿಗೆದಾರರ ಮಾತು ಕೇಳಿ ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ವಿ. ಮೂರನೇ ಮಳೆಗಾಲಕ್ಕೆ ಮೊಳಕಾಲೆತ್ತರ ತೇವ. ಬಣ್ಣ ಪೊರೆಪೊರೆಯಾಗಿ ಎದ್ದು, ಅದರ ಹಿಂದೆ ಬಿಳಿ ಉಪ್ಪು.

"ಕೆಡವಿ ಹೊಸಾದು ಕಟ್ಟೂಣಪಾ, ಎಷ್ಟ್ ದಿನ ತ್ಯಾಪಿ ಹಚ್ಚೋದು?" ಅಂದ್ರು ಕಾಕಾ. ನಾನೂ ಹೂಂ ಅಂದಿದ್ದೆ.

ಮನಸ್ಸು ಬದಲಾಗಿದ್ದು ಗೋಲ್ಕೊಂಡ ಕೋಟೆ ಹತ್ತಿರದ ಆ ಗೋರಿಗಳನ್ನ ನೋಡಿದ ಮೇಲೆ. 16, 17ನೇ ಶತಮಾನದ ಕಟ್ಟಡಗಳವು. ಅಲ್ಲಿ 2013ರಿಂದ ಆಗಾ ಖಾನ್ ಟ್ರಸ್ಟ್ ಫಾರ್ ಕಲ್ಚರ್, ರಾಜ್ಯ ಸರ್ಕಾರದ ಜೊತೆ ಸೇರಿ ದುರಸ್ತಿ ಮಾಡಿತು. ಆ ದುರಸ್ತಿಯ ದೊಡ್ಡ ಪಾಲು ಏನು ಗೊತ್ತಾ? 20ನೇ ಶತಮಾನದ 'ದುರಸ್ತಿ'ಯನ್ನ ಕೆರೆದು ತೆಗೆಯೋದು. ಹಳೇ ಗುಮ್ಮಟಗಳಿಗೆ ಬಳಿದಿದ್ದ ಸಿಮೆಂಟನ್ನ ತೆಗೆದು ಮತ್ತೆ ಸುಣ್ಣದ ಗಾರೆ ಹಾಕಿದರು.

ಕಾರಣ ಸರಳ. ನೆಲದಿಂದ ಗೋಡೆಗೆ ಏರಿದ ನೀರು ಸುಣ್ಣದ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುತ್ತೆ. ಸಿಮೆಂಟ್ ಆ ದಾರಿ ಮುಚ್ಚುತ್ತೆ. ನೀರು ಒಳಗೇ ನಿಂತು ಗಚ್ಚನ್ನ ಪುಡಿ ಮಾಡುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ, ಬಗ್ ಇದ್ದದ್ದು ಹಳೇ ಕೋಡಲ್ಲಲ್ಲ, ನಾವು ಹಾಕಿದ ಪ್ಯಾಚಲ್ಲಿ!

ಇದು ನಮ್ಮಲ್ಲಿ ಮಾತ್ರ ಇರೋ ಜ್ಞಾನ ಅಂತ ಎದೆಯುಬ್ಬಿಸಬೇಡಿ. ಜಪಾನಿನವರು ಸುಣ್ಣಕ್ಕೆ ಸಮುದ್ರಪಾಚಿಯ ಅಂಟು, ಸೆಣಬಿನಂಥ ನಾರು ಬೆರೆಸಿ 'ಶಿಕ್ಕುಯಿ' ಅನ್ನೋ ಗಾರೆ ಮಾಡ್ತಾರೆ. ಹಿಮೇಜಿ ಕೋಟೆಯ ಬಿಳುಪು ಅದೇ. ಅಲ್ಲಿ ಹಳೇ ಪುಟ್ಟ ಮನೆಗಳನ್ನ ನವೀಕರಿಸುವ ಆರ್ಕಿಟೆಕ್ಟ್‌ಗಳು ಹಳೇ ತೊಲೆ ಉಳಿಸಿಕೊಂಡು, ಪಕ್ಕದಲ್ಲೇ ಗಾಜು, ಉಕ್ಕು ತರ್ತಾರೆ. ಹೊಸದು ಹಳೇದರ ವೇಷ ಹಾಕೋದಿಲ್ಲ. ನನಗೆ ಹಿಡಿಸಿದ್ದು ಅದು.

ಹಾಗೇ ನಮ್ಮಲ್ಲೂ ಪಡಸಾಲಿ ಮೇಲೆ ಬೆಳಕಿಗೆ ಗಾಜು ಬರ್ತಿದೆ. ಅದರ ಭಾರ ಹೊರೋಕೆ ಬೇರೆ ಉಕ್ಕಿನ ಕಂಬ, ಗೋಡೆಗೆ ಹೊರೆ ಇಲ್ಲ. ಅಡುಗೆಮನೆ ಪೂರ್ತಿ ಹೊಸದು. ಸಿಮೆಂಟ್ ಕೆರೆಯುವಾಗ ಎರಡು ಕಡೆ ಕಲ್ಲೇ ಕಿತ್ತು ಬಂತು, ಖರ್ಚು ಏರಿತು. ಸುಣ್ಣದ ಕೆಲಸ ಬಲ್ಲ ಗೌಂಡಿ ಸಿಗೋಕೆ ಎರಡು ತಿಂಗಳು ಹಿಡೀತು. ಕೊನೆಗೆ ಸಿಕ್ಕವರಿಗೆ ಎಪ್ಪತ್ತರ ಹತ್ತಿರ ವಯಸ್ಸು.

ಈಗ ಹಿತ್ತಲ ಗುಂಡಿಯಲ್ಲಿ ಸುಣ್ಣ ನೆನೀತಿದೆ. ಇಷ್ಟು ದಿನ ಯಾಕೆ ನೆನೆಸಬೇಕು ಅಂತ ಕಾಕಾ ಇನ್ನೂ ಗೊಣಗ್ತಾರೆ. ಆದ್ರೆ ಮೇಲಿನ ನೀರು ಆರದ ಹಾಗೆ ದಿನಾ ಸಂಜೆ ಎರಡು ಕೊಡ ಸುರಿಯೋರೂ ಅವರೇ.